ಸಿಲ್ಕ್ ಬೋರ್ಡ್‌ನ ಮೇಲಿಂದ ನೋಡಿದ್ರೆ

ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಕಾರಲ್ಲಿ ಹೋಗೋರಿಗೆ ಈ ಮಾತು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಹಳದಿ ಮಾರ್ಗ ಶುರುವಾಯ್ತು. ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರಕ್ಕೆ ಸುಮಾರು 19 ಕಿಲೋಮೀಟರ್, 16 ನಿಲ್ದಾಣ. ಸಿಲ್ಕ್ ಬೋರ್ಡ್ ದಾಟುವಾಗ ಕಿಟಕಿಯಿಂದ ಕೆಳಗೆ ನೋಡಿ: ಎಷ್ಟೋ ಕಾರುಗಳಲ್ಲಿ ಒಬ್ಬೊಬ್ಬರೇ. ನಿಮ್ಮ ಬಾಸೂ ಇರಬಹುದು!

ಟಿಕೆಟ್ ದುಬಾರಿ ಅಂತೀರಾ? ಹೌದು, ಅದೇ ವರ್ಷ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಂಗೂ ಅದು ಸರಿ ಅನ್ಸಿಲ್ಲ. ಆದ್ರೆ ಪೆಟ್ರೋಲ್, ಪಾರ್ಕಿಂಗ್ ಲೆಕ್ಕದ ಜೊತೆ ಕ್ಲಚ್ ತುಳಿದು ನೋಯೋ ಎಡಗಾಲನ್ನೂ ಸೇರಿಸಿ.

ಅಸಲಿ ತೊಂದರೆ ನಿಲ್ದಾಣದಿಂದ ಆಫೀಸ್ ಗೇಟ್‌ವರೆಗಿನ ದಾರಿ. ಫೀಡರ್ ಬಸ್ ನೋಡಿ, ಇಲ್ಲಾಂದ್ರೆ ಮೂವರು ಸೇರಿ ಆಟೋ ಹಿಡೀರಿ. ಕಾರು ಮಾರಿ ಅಂತಿಲ್ಲ. ವಾರಕ್ಕೆ ಎರಡು ದಿನ ಮನೇಲಿ ಬಿಟ್ಟು ಬನ್ನಿ. ಈ ಮಂಗಳವಾರ ಶುರು ಮಾಡೋಣ್ವಾ?