ಬಿಗಿಯಾದ ಆಲ್ಟರ್ನೇಟರಿಗೆ ಸುತ್ತಿಗೆ ಬೇಡ
(ಬ್ಲಾಕಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ತಮಗೆಲ್ಲ ತಿಳಿದದ್ದೇ. ಈ ದಿನ ನಾನು ಹೇಳಬೇಕೆಂದಿರುವ ವಿಷಯಕ್ಕೆ ಆ ಗಾದೆಯೇ ಪೀಠಿಕೆ. ರಿಪೇರಿಗಾಗಿ ಮನೆಯ ಕಾರಿನಿಂದ ಬಿಚ್ಚಿದ ಆಲ್ಟರ್ನೇಟರು ಮತ್ತೆ ತನ್ನ ಸ್ಥಾನದಲ್ಲಿ ಕೂರದೆ ಹಟ ಹಿಡಿಯುವುದುಂಟು. ಆಗ ಏನು ಮಾಡಬೇಕು, ಏನು ಮಾಡಕೂಡದು ಎಂಬುದೇ ಆ ವಿಷಯ.

ನಮ್ಮ ಹಳ್ಳಿಗಳಲ್ಲಿ ಈಗ ಕಾರು, ಜೀಪು, ಸಾಮಾನು ಸಾಗಿಸುವ ಪಿಕಪ್ ಗಾಡಿಗಳು ಅಪರೂಪವಲ್ಲ. ಬೆಳಗಿನ ಜಾವ ತರಕಾರಿಯನ್ನು ಪೇಟೆಗೆ ಒಯ್ಯುವುದಕ್ಕೂ, ಅಪರಾತ್ರಿಯಲ್ಲಿ ಹೆರಿಗೆ ನೋವು ಕಾಣಿಸಿದ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೂ ಎಷ್ಟೋ ಬೀದಿಗಳಿಗೆ ಅಂಥ ಒಂದೇ ಗಾಡಿ ಆಧಾರ. ಆಲ್ಟರ್ನೇಟರು ಕೆಟ್ಟರೆ ಬ್ಯಾಟರಿ ಒಂದೇ ಬಹಳ ಹೊತ್ತು ಗಾಡಿಯನ್ನು ನಡೆಸಲಾರದು. ದೀಪ ಮಂಕಾಗುತ್ತದೆ, ಎಂಜಿನ್ ದಾರಿಯಲ್ಲೇ ನಿಲ್ಲುತ್ತದೆ. ಆದುದರಿಂದ ಈ ಕೆಲಸ ಚಿಕ್ಕದೆಂದು ಎಣಿಸಬಾರದು.

ಆಲ್ಟರ್ನೇಟರು ಎಂದರೇನು?

ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ತನ್ನು ಹುಟ್ಟಿಸಿ ಬ್ಯಾಟರಿಯನ್ನು ತುಂಬುವ ಯಂತ್ರ ಇದು. ನಮ್ಮಲ್ಲಿ ಬಹುಮಂದಿ ಇದನ್ನು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ. ಹಿಂದಿನ ವಾಹನಗಳಲ್ಲಿ ಇದ್ದದ್ದು ಡೈನಮೋವೇ. ಅಮೆರಿಕದ ಕ್ರೈಸ್ಲರ್ ಕಂಪೆನಿಯವರು 1960ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಅಳವಡಿಸಿದರು. ಮುಂದೆ ಕ್ರಮೇಣ ಎಲ್ಲ ಕಡೆಯೂ ಅದೇ ರೂಢಿಗೆ ಬಂದಿತು. ಎಂಜಿನ್ ನಿಧಾನವಾಗಿ ನಡೆಯುವಾಗಲೂ ಬ್ಯಾಟರಿಯನ್ನು ತುಂಬುವುದು ಇದರ ಹೆಚ್ಚುಗಾರಿಕೆ. ಇದರೊಳಗೆ ಡಯೋಡುಗಳೆಂಬ ಭಾಗಗಳಿವೆ. ಪಂಪ್‌ಸೆಟ್ಟಿನ ಫುಟ್‌ವಾಲ್ವು ನೀರನ್ನು ಒಂದೇ ದಿಕ್ಕಿಗೆ ಬಿಡುವಂತೆ ಇವು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಇವು ಬಹಳ ನಾಜೂಕು. ಯಂತ್ರದ ಹೊರಮೈ ಅಲ್ಯುಮಿನಿಯಂ ಎರಕದ್ದು. ಪೆಟ್ಟು ಬಿದ್ದರೆ ಕಬ್ಬಿಣದಂತೆ ತಡೆಯದೆ ಸೀಳುತ್ತದೆ.

ಬಿಗಿಯಾಗುವುದೇಕೆ?

ಆಲ್ಟರ್ನೇಟರಿಗೆ ಸಾಮಾನ್ಯವಾಗಿ ಎರಡು ಕಿವಿಗಳಿರುತ್ತವೆ. ಎಂಜಿನ್ನಿನ ಮೇಲಿರುವ ಬ್ರಾಕೆಟ್ಟು ಆ ಎರಡು ಕಿವಿಗಳ ನಡುವೆ ಬರುತ್ತದೆ. ಒಂದು ಉದ್ದನೆಯ ಬೋಲ್ಟು ಮೂರನ್ನೂ ಹಾಯ್ದು ಹೋಗುತ್ತದೆ. ಬಹಳ ವಾಹನಗಳಲ್ಲಿ ಒಂದು ಕಿವಿಯ ತೂತಿನೊಳಗೆ ಉಕ್ಕಿನ ಒಂದು ಚಿಕ್ಕ ಕೊಳವೆಯನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಅದಕ್ಕೆ ಬುಷ್ ಎಂದು ಹೆಸರು. ಬೋಲ್ಟನ್ನು ಬಿಗಿದಂತೆಲ್ಲ ಈ ಬುಷ್ ಕೂದಲೆಳೆಯಷ್ಟು ಒಳಕ್ಕೆ ಸರಿದು ಬ್ರಾಕೆಟ್ಟನ್ನು ಅದುಮಿ ಹಿಡಿಯುತ್ತದೆ. ಹೀಗೆ ಬುಷ್ ಸರಿಯುವುದರಿಂದ ಕಿವಿ ಬಾಗುವುದಿಲ್ಲ, ಮುರಿಯುವುದಿಲ್ಲ. ಇದು ತಯಾರಕರ ಜಾಣತನ.

ಆದರೆ ಆಲ್ಟರ್ನೇಟರನ್ನು ಬಿಚ್ಚಿದಾಗ ಬುಷ್ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಸರಿದ ಜಾಗದಲ್ಲೇ ನಿಲ್ಲುತ್ತದೆ. ಕಿವಿಗಳ ನಡುವಣ ಸಂದು ಬ್ರಾಕೆಟ್ಟಿನ ಅಗಲದಷ್ಟೇ ಆಗಿಬಿಡುತ್ತದೆ. ಗುದ್ದಲಿಯ ಕಾವಿಗೆ ಬೆಣೆ ಹೊಡೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಬೆಣೆ ತೂತಿನಲ್ಲೇ ಇರುವಾಗ ಹೊಸ ಕಾವನ್ನು ತುರುಕಿದರೆ ಹೋದೀತೇ? ಮೊದಲು ಬೆಣೆಯನ್ನು ತೆಗೆಯಬೇಕು. ಇಲ್ಲಿಯೂ ಹಾಗೆಯೇ. ಮೊದಲು ಬುಷ್ಷನ್ನು ಹಿಂದಕ್ಕೆ ಸರಿಸಬೇಕು. ಇದನ್ನರಿಯದೆ ಸುತ್ತಿಗೆಯಿಂದ ಬಡಿದರೆ ಕಿವಿ ಸೀಳುತ್ತದೆ. ಒಂದು ಮಿಲಿಮೀಟರಿನ ತೊಡಕಿಗಾಗಿ ಇಡೀ ಆಲ್ಟರ್ನೇಟರಿನ ಬೆಲೆ ತೆರಬೇಕಾಗುತ್ತದೆ.

ಕೆಲಸದ ಕ್ರಮ

1. ಆಲ್ಟರ್ನೇಟರನ್ನು ಬಿಚ್ಚುವುದಕ್ಕೆ ಮುಂಚೆಯೇ ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು, ಬ್ಯಾಟರಿಯ ಮೈನಸ್ ತಂತಿಯನ್ನು ಬಿಚ್ಚಿ ದೂರ ಸರಿಸಿಡಿ. ಕೆಲಸ ಮುಗಿಯುವವರೆಗೂ ಅದು ಹಾಗೆಯೇ ಇರಲಿ. ಆಲ್ಟರ್ನೇಟರಿಗೆ ಬರುವ ದಪ್ಪ ತಂತಿಯಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಇರುತ್ತದೆ. ಅದಕ್ಕೂ ಎಂಜಿನ್ನಿಗೂ ಒಂದೇ ವೇಳೆ ಸ್ಪ್ಯಾನರ್ ತಾಗಿತೆಂದರೆ ಕಿಡಿ ಹಾರಿ ಬೆಂಕಿ ಹೊತ್ತಬಹುದು, ಕೈ ಸುಡಬಹುದು. ಉಂಗುರ, ಕಡಗಗಳನ್ನು ಮೊದಲೇ ತೆಗೆದಿಡಿ.

2. ಆಲ್ಟರ್ನೇಟರನ್ನು ಮಡಿಸಿದ ಗೋಣಿಚೀಲದ ಮೇಲಿಡಿ. ಕಿವಿಗಳನ್ನೂ ಬ್ರಾಕೆಟ್ಟನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ಕೆಸರು, ತುಕ್ಕು, ಬಣ್ಣದ ಹಕ್ಕಳೆಗಳನ್ನು ತೆಗೆಯಿರಿ. ಕೆಲವು ವೇಳೆ ಇಷ್ಟರಿಂದಲೇ ತೊಡಕು ತೀರುತ್ತದೆ. ವಿದ್ಯುತ್ತು ಎಂಜಿನ್ನಿನ ಮೈಗೆ ಸಾಗುವುದೂ ಈ ಜಾಗದ ಮೂಲಕವೇ ಆದುದರಿಂದ ಲೋಹ ಚೊಕ್ಕಟವಾಗಿರುವುದು ಮುಖ್ಯ. ಇಲ್ಲಿ ಬಣ್ಣ ಹಚ್ಚಕೂಡದು. ಬ್ರಾಕೆಟ್ಟನ್ನು ಅರದಿಂದ ಉಜ್ಜಿ ತೆಳುವು ಮಾಡುವುದೂ ತಪ್ಪು.

3. ಬುಷ್ ಎಲ್ಲಿದೆಯೆಂದು ನೋಡಿರಿ. ಅಲ್ಯುಮಿನಿಯಮ್ಮಿನ ಬಿಳುಪಿನ ನಡುವೆ ಉಕ್ಕಿನ ಬಳೆಯಂತೆ ಕಾಣುತ್ತದೆ. ಸಂದಿನ ಕಡೆಗೆ ಅದು ಉಬ್ಬಿ ನಿಂತಿದ್ದರೆ ಬಿಗಿಗೆ ಅದೇ ಕಾರಣ. ಅದರ ಸುತ್ತ ತುಕ್ಕು ಬಿಡಿಸುವ ಎಣ್ಣೆಯನ್ನು ನಾಲ್ಕು ತೊಟ್ಟು ಬಿಟ್ಟು ಕಾಲು ಗಂಟೆ ಕಾಯಿರಿ.

4. ಈಗ ಬುಷ್ಷನ್ನು ಎಳೆಯುವ ಕೆಲಸ. ಬುಷ್ಷಿಗಿಂತ ಸ್ವಲ್ಪ ಅಗಲವಾದ ಬಾಯಿಯುಳ್ಳ ಪೈಪಿನ ತುಂಡನ್ನಾಗಲಿ, ದೊಡ್ಡ ಸಾಕೆಟ್ಟನ್ನಾಗಲಿ ಕಿವಿಯ ಹೊರಬದಿಗೆ ಒತ್ತಿ ಹಿಡಿಯಿರಿ. ಒಂದು ಬೋಲ್ಟಿಗೆ ದಪ್ಪ ವಾಷರ್ ಹಾಕಿ, ಹೊರಗಿನಿಂದ ಪೈಪಿನ ಮೂಲಕ, ಬುಷ್ಷಿನ ಮೂಲಕ ಸಂದಿಗೆ ತೂರಿಸಿ. ಸಂದಿನಲ್ಲಿ ಅದಕ್ಕೆ ನಟ್ಟು ಹಾಕಿರಿ. ಒಳಗಿನ ನಟ್ಟು ಬುಷ್ಷಿನ ಅಂಚನ್ನು ಮಾತ್ರ ಒತ್ತಬೇಕು, ಕಿವಿಯನ್ನು ಒತ್ತಕೂಡದು. ಆದುದರಿಂದ ನಟ್ಟು ಚಿಕ್ಕದಿರಲಿ. ನಟ್ಟನ್ನು ಒಂದು ಸ್ಪ್ಯಾನರಿನಿಂದ ಹಿಡಿದು ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತ ಬನ್ನಿ. ಬುಷ್ ಪೈಪಿನ ಬಾಯೊಳಕ್ಕೆ ಸರಿಯುತ್ತದೆ. 1ರಿಂದ 2 ಮಿಲಿಮೀಟರು ಸರಿದರೆ ಸಾಕು. ಬುಷ್ಷನ್ನು ಪೂರ್ತಿ ಹೊರಕ್ಕೆ ತೆಗೆಯಬೇಡಿ.

ಕೆಲವು ವಾಹನಗಳಲ್ಲಿ ಬುಷ್ ಕಿವಿಯಲ್ಲಿರದೆ ಎಂಜಿನ್ನಿನ ಬ್ರಾಕೆಟ್ಟಿನಲ್ಲಿರುತ್ತದೆ. ಅಲ್ಲಿಯೂ ಉಪಾಯ ಇದೇ, ಬುಷ್ಷನ್ನು ಸಂದು ಅಗಲವಾಗುವ ಕಡೆಗೆ ಸರಿಸಬೇಕು. ಹಳೆಯ ಕೆಲವು ಗಾಡಿಗಳಲ್ಲಿ ಬುಷ್ಷಿನ ಬದಲು ವಾಷರುಗಳಿಂದ ಸಂದು ತುಂಬಿರುತ್ತಾರೆ. ಅಂಥವನ್ನು ಬಿಚ್ಚುವಾಗಲೇ ಯಾವ ವಾಷರು ಎಲ್ಲಿತ್ತೆಂದು ಗುರುತಿಟ್ಟುಕೊಳ್ಳಬೇಕು.

5. ಆಲ್ಟರ್ನೇಟರು ಭಾರದ ವಸ್ತು. ಕೂರಿಸುವಾಗ ಕೆಳಗಿನಿಂದ ಹಿಡಿಯಲು ಇನ್ನೊಬ್ಬರು ಇರಲಿ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಹಿಡಿಸಿರಿ. ಬೆರಳಿಗೆ ತಿರುಗದ ಬೋಲ್ಟು ನೇರವಾಗಿಲ್ಲವೆಂದೇ ಅರ್ಥ. ಬಲ ಹಾಕಿದರೆ ಮರೆ ಸವೆದು ಹೋಗುತ್ತದೆ. ಮೀಟಬೇಕಾಗಿ ಬಂದರೆ ಮರದ ತುಂಡಿನಿಂದ ಹಗುರವಾಗಿ ಮೀಟಿರಿ. ರೇಡಿಯೇಟರಿಗಾಗಲಿ ಪುಲ್ಲಿಗಾಗಲಿ ಆನಿಸಿ ಮೀಟಕೂಡದು.

6. ಬೆಲ್ಟು ಹಾಕಿದ ಮೇಲೆ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ನೋಡಿರಿ. ಕೈಯಿಂದ ಬಿಗಿಮಾಡುವ ವಿ ಆಕಾರದ ಬೆಲ್ಟಾದರೆ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿಲಿಮೀಟರು ತಗ್ಗಬೇಕು. ವಾಹನದ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ. ಹೆಚ್ಚು ಬಿಗಿದರೆ ಬೇರಿಂಗು ಹಾಳು, ಕಡಿಮೆಯಾದರೆ ಬೆಲ್ಟು ಜಾರಿ ಕಿರುಚುತ್ತದೆ. ಆಮೇಲೆ ಉದ್ದನೆಯ ಬೋಲ್ಟನ್ನು ಪೂರ್ತಿ ಬಿಗಿಯಿರಿ. ಬುಷ್ ಮತ್ತೆ ಸರಿದು ಬ್ರಾಕೆಟ್ಟನ್ನು ಹಿಡಿದುಕೊಳ್ಳುತ್ತದೆ.

7. ದಪ್ಪ ತಂತಿಯ ನಟ್ಟನ್ನು ಬಿಗಿದು ಅದರ ರಬ್ಬರ್ ಮುಸುಕನ್ನು ಹಾಕಿ. ಬ್ಯಾಟರಿಯ ಮೈನಸ್ ತಂತಿಯನ್ನು ಎಲ್ಲಕ್ಕೂ ಕೊನೆಗೆ ಸೇರಿಸಿ. ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಡಯೋಡುಗಳು ಆ ಕ್ಷಣವೇ ಸುಡುತ್ತವೆ.

ಪರೀಕ್ಷೆಯ ವಿಷಯ

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಹೇಳಲೇಬೇಕು. ಎಂಜಿನ್ ನಡೆಯುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತು, "ಎಂಜಿನ್ ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ" ಎನ್ನುವವರುಂಟು. ಇದು ಡೈನಮೋ ಕಾಲದಿಂದ ಉಳಿದುಬಂದ ಪರೀಕ್ಷೆ. ಆಲ್ಟರ್ನೇಟರಿರುವ ಗಾಡಿಯಲ್ಲಿ ಹೀಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಏರಿ ಡಯೋಡುಗಳೂ, ಹೊಸ ಕಾರುಗಳಲ್ಲಾದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರೂ ಸುಟ್ಟುಹೋಗಬಹುದು. ಯಾರು ಹೇಳಿದರೂ ಇದನ್ನು ಮಾಡಬೇಡಿ, ಮಾಡಗೊಡಬೇಡಿ.

ಸರಿಯಾದ ಪರೀಕ್ಷೆ ಸುಲಭವಾದದ್ದು. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕೆಂಪು ದೀಪ ಹತ್ತಬೇಕು, ಎಂಜಿನ್ ಹೊರಟ ಮೇಲೆ ಆರಬೇಕು. ಆಗ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟು ತೋರಿಸಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರು ಇದನ್ನು ಬೇಕೆಂದೇ ಏರಿಳಿಸುತ್ತದೆ, ಗಾಬರಿಪಡಬೇಕಾಗಿಲ್ಲ. ಆದರೆ ದೀಪ ಆರದೇ ಇದ್ದರೆ, ಅಥವಾ ಕಿವಿಯಲ್ಲಿ ಸೀಳು ಕಂಡರೆ, ಅಲ್ಲಿಗೆ ನಿಲ್ಲಿಸಿ ಬಲ್ಲ ಮೆಕ್ಯಾನಿಕನಿಗೆ ತೋರಿಸತಕ್ಕದ್ದು. ಸೀಳಿದ ಕಿವಿಗೆ ತಂತಿ ಸುತ್ತಿ ಓಡಿಸುವುದು ಅಪಾಯ. ಅದು ಮುರಿಯುವುದು ಗಾಡಿ ಓಡುವಾಗಲೇ.

ಕೊನೆಯದಾಗಿ ಒಂದು ಸೂಚನೆ. ಮಲ್ಟಿಮೀಟರು, ಸಾಕೆಟ್ಟುಗಳ ಪೆಟ್ಟಿಗೆ, ಒಂದೆರಡು ಪೈಪಿನ ತುಂಡು, ಉದ್ದ ಬೋಲ್ಟುಗಳು, ಇವನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಊರಿನ ಯುವಕ ಸಂಘದಲ್ಲಿ ಒಂದು ಪೆಟ್ಟಿಗೆ ಇರಲಿ. ಒಯ್ದವರ ಹೆಸರು ಬರೆಯಲು ಒಂದು ಪುಸ್ತಕವಿರಲಿ. ಹತ್ತು ಮನೆಯವರು ಸೇರಿದರೆ ಖರ್ಚು ಹಗುರ. ಕೆಲಸ ಬಲ್ಲ ಇಬ್ಬರು ಊರಿನಲ್ಲೇ ತಯಾರಾದರೆ ಅಪರಾತ್ರಿಯಲ್ಲಿ ಹೊರಡಬೇಕಾದ ಗಾಡಿ ಮನೆಯ ಮುಂದೆ ನಿಂತುಬಿಡುವುದಿಲ್ಲ.