ಸ್ತನ ಕ್ಯಾನ್ಸರ್: ಅಂಕಿಅಂಶದ ಪಟ್ಟಿಯಲ್ಲಿಲ್ಲದ ಕಾಲಮ್

(ಬಾರಾಮತಿಯಲ್ಲಿ ನಡೆದ ಮಹಿಳಾ ವೇದಿಕೆಯ ಸಂಕ್ರಾಂತಿ ಅರಿಶಿನ-ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತು)

ಎಳ್ಳು-ಬೆಲ್ಲ ಕೊಟ್ಟು ಒಳ್ಳೆ ಮಾತಾಡುವ ದಿನ ಇವಳು ಕ್ಯಾನ್ಸರ್ ವಿಷಯ ತೆಗೆದಳಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಇಷ್ಟು ಜನ ಹೆಣ್ಣುಮಕ್ಕಳು ಒಂದೇ ಕಡೆ ಕೂರುವುದು ವರ್ಷಕ್ಕೊಮ್ಮೆ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಕೆಲಸದವಳು. ಎಂ.ಟೆಕ್ ಪ್ರಾಜೆಕ್ಟಿಗೆ ಸ್ತನ ಕ್ಯಾನ್ಸರಿನ ಅಂಕಿಅಂಶ ತೆಗೆದುಕೊಂಡಿದ್ದೆ. ಅದಾದ ಎರಡು ವರ್ಷಕ್ಕೆ ನಮ್ಮ ಮನೆಯಲ್ಲೇ ಅದು ಕಾಣಿಸಿತು.

ಮೊದಲು ಪ್ರಾಜೆಕ್ಟಿನ ಮಾತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ‘ಸೀರ್’ ಎಂಬ ದಾಖಲೆ ಇಡುತ್ತದೆ. ಅದರಿಂದ ತೆಗೆದ 4024 ಮಹಿಳೆಯರ ಪಟ್ಟಿಯೊಂದು ವಿದ್ಯಾರ್ಥಿಗಳಿಗೆಲ್ಲ ಸಿಗುತ್ತದೆ. ಎಲ್ಲರಿಗೂ 2006ರಿಂದ 2010ರೊಳಗೆ ರೋಗ ಪತ್ತೆಯಾಗಿತ್ತು. ವಯಸ್ಸು, ಜನಾಂಗ, ಮದುವೆ, ಗಡ್ಡೆಯ ಹಂತ, ಬದುಕಿದ ತಿಂಗಳುಗಳು ಎಂದು ಒಂದೊಂದು ಕಾಲಮ್. 616 ಮಂದಿ ತೀರಿಕೊಂಡಿದ್ದರು. ಗಂಡ ಇದ್ದವರಲ್ಲಿ 100ಕ್ಕೆ ಸುಮಾರು 14, ವಿಧವೆಯರಲ್ಲಿ 100ಕ್ಕೆ 21. ಕಪ್ಪು ಮಹಿಳೆಯರಲ್ಲಿ 100ಕ್ಕೆ 25, ಬಿಳಿಯರಲ್ಲಿ 15. ವಿಧವೆಯರಿಗೆ ವಯಸ್ಸೂ ಹೆಚ್ಚಿರುತ್ತದೆ, ಹಾಗಾಗಿ ಪೂರ್ತಿ ವ್ಯತ್ಯಾಸವನ್ನು ಮದುವೆಯ ಲೆಕ್ಕಕ್ಕೆ ಹಾಕಬಾರದು. ಇಷ್ಟು ಬರೆದೆ, ಗೈಡ್ ಒಪ್ಪಿದರು, ಒಳ್ಳೆ ಗ್ರೇಡ್ ಬಂತು. ‘ವಿಧವೆ’ ಅಂದರೆ ಏನು ಅಂತ ನನಗೆ ಆಗ ಗೊತ್ತಿರಲಿಲ್ಲ.

ನಮ್ಮದು ವಿಜಯಪುರ ಜಿಲ್ಲೆ. ಅಪ್ಪ ಇಲ್ಲಿನ ಎಂಐಡಿಸಿ ಕೆಲಸಕ್ಕೆ ಬಂದು ಬಾರಾಮತಿಯವರೇ ಆದರು. ದೊಡ್ಡವ್ವ ಊರಲ್ಲೇ ಇದ್ದಳು, ದೊಡ್ಡಪ್ಪ ಹೋಗಿ ಹತ್ತು ವರ್ಷವಾಗಿತ್ತು. ದಸರೆ ಹೊತ್ತಿಗೆ ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿದೆ. ಮೊಮ್ಮಗಳ ಮದುವೆ ಗೊತ್ತಾಗಿತ್ತು, ಬಾಯಿ ಬಿಡಲಿಲ್ಲ. ನಮಗೆ ಹೇಳಿದ್ದು ಯುಗಾದಿ ಆದ ಮೇಲೆ. ನಾನು ರೇಗಿದೆ, “ಯಾಕ ಹೇಳಲಿಲ್ಲ ದೊಡ್ಡವ್ವ?” ಅಂದೆ. “ನೋವು ಇದ್ದಿದ್ದಿಲ್ಲ ಬೇ. ಮತ್ತ ಇಂಥದ್ದು ಮಗನ ಮುಂದ ಹೆಂಗ ಹೇಳಲಿ?” ಅಂದಳು. ಗಂಡ ಇದ್ದಿದ್ದರೆ ಅವನಿಗಾದರೂ ಹೇಳುತ್ತಿದ್ದಳೇನೋ. ಅಷ್ಟರಲ್ಲಿ ಅದು ಕಂಕುಳಿನ ಗ್ರಂಥಿಗಳಿಗೆ ಹರಡಿತ್ತು.

ಆ ಆರು ತಿಂಗಳ ಬೆಲೆ ಎಷ್ಟು? ನಮ್ಮ ದೇಶದ್ದೇ ಲೆಕ್ಕವಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 11 ಪ್ರದೇಶಗಳಲ್ಲಿ 2012ರಿಂದ 2015ರೊಳಗೆ ಸ್ತನ ಕ್ಯಾನ್ಸರ್ ಪತ್ತೆಯಾದವರನ್ನು ಗಮನಿಸಿ, ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ಐದು ವರ್ಷ ಬದುಕುಳಿದವರು ಒಟ್ಟಾರೆ ಶೇ. 66. ಗಡ್ಡೆ ಸ್ತನದಲ್ಲೇ ಇದ್ದಾಗ ಸಿಕ್ಕಿದ್ದರೆ ಶೇ. 81, ಅಕ್ಕಪಕ್ಕಕ್ಕೆ ಹರಡಿದ್ದರೆ ಶೇ. 65, ದೂರದ ಅಂಗಗಳಿಗೆ ಹೋಗಿದ್ದರೆ ಶೇ. 18. ಊರಿನ ವ್ಯತ್ಯಾಸವೂ ಸಣ್ಣದಲ್ಲ. ಅಹಮದಾಬಾದ್ ನಗರದಲ್ಲಿ ಶೇ. 72ಕ್ಕಿಂತ ಹೆಚ್ಚು, ಅರುಣಾಚಲದ ಪಾಸೀಘಾಟ್‌ನಲ್ಲಿ ಸುಮಾರು ಶೇ. 42. 65 ದಾಟಿದವರ ಸಾವಿನ ಅಪಾಯ 40ರೊಳಗಿನವರಿಗಿಂತ ಶೇ. 16 ಹೆಚ್ಚು. ವಯಸ್ಸನ್ನು ನಾವು ಬದಲಾಯಿಸಲಾರೆವು. ಆದರೆ ಹಂತ ಮಾತ್ರ ನಾವು ಯಾವಾಗ ಬಾಯಿ ಬಿಡುತ್ತೇವೆ ಎಂಬುದರ ಮೇಲೂ ನಿಂತಿದೆ.

ಇದನ್ನು ಬಹಳ ಹಿಂದೆ ಅರ್ಥ ಮಾಡಿಕೊಂಡವರು ನಮ್ಮ ಪಕ್ಕದ ಸೋಲಾಪುರ ಜಿಲ್ಲೆಯಲ್ಲೇ ಇದ್ದಾರೆ. ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಆಸ್ಪತ್ರೆಯಲ್ಲಿ ಕೂತು ಕಾಯ್ದರೆ ಹಳ್ಳಿಯ ರೋಗಿ ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೆ ಕಾರ್ಯಕರ್ತರು ಊರೂರಿಗೆ ಹೋಗಿ, ಜನರ ಜೊತೆ ಕೂತು, ರೋಗದ ಲಕ್ಷಣಗಳನ್ನು ಹೇಳಿ ಕೇಳಿ ಬರೆದುಕೊಂಡರು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವಳಿಗೆ ಇದು ಸ್ವಲ್ಪ ನಾಚಿಕೆ ತರಿಸುವ ವಿಷಯ.

ಇನ್ನೊಂದು, ಮುಂಬೈಯ ಟಾಟಾ ಮೆಮೋರಿಯಲ್‌ನವರ ಅಧ್ಯಯನ. 1998ರಲ್ಲಿ ಶುರು ಮಾಡಿ, 35ರಿಂದ 64ರ ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರನ್ನು 20 ವರ್ಷ ಗಮನಿಸಿದರು. ಅರ್ಧ ಜನಕ್ಕೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡುತ್ತಿದ್ದರು. ದೊಡ್ಡ ಯಂತ್ರ ಏನೂ ಇಲ್ಲ. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30 ಕಡಿಮೆಯಾಯಿತು. 50ರೊಳಗಿನವರಲ್ಲಿ ಹಾಗೆ ಕಾಣಲಿಲ್ಲ, ಅದನ್ನೂ ಹೇಳಬೇಕು.

ದೊಡ್ಡವ್ವನ ಕಿಮೋಥೆರಪಿ ಮೂರು ವಾರಕ್ಕೊಮ್ಮೆ ಸೋಲಾಪುರದಲ್ಲಿ ಇತ್ತು. ಸರ್ಕಾರಿ ಯೋಜನೆಯಿಂದ ಔಷಧಿಯ ಖರ್ಚು ನೀಗಿತು. ಜೊತೆಗೆ ಹೋಗುವವರ ಒಂದು ದಿನದ ಕೂಲಿಗೆ ಮಾತ್ರ ಯಾವ ಯೋಜನೆಯೂ ಇರಲಿಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಮಗನಿಗೆ ಬಿಡುವಾಗದೆ ಎರಡು ಸಲ ತಪ್ಪಿತು. ನನಗೂ ಆಗ ರಿಲೀಸ್ ಇತ್ತು, ರಜೆ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರು. ದೊಡ್ಡವ್ವ 31 ತಿಂಗಳು ಬದುಕಿದಳು. ‘ಜೊತೆಗೆ ಯಾರು ಬರುತ್ತಾರೆ’ ಎನ್ನುವ ಕಾಲಮ್ ನನ್ನ ಪ್ರಾಜೆಕ್ಟಿನಲ್ಲಿ ಇರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ದೊಡ್ಡಪ್ಪ ಹೋದ ಮೇಲೆ ಅವಳನ್ನು ಯಾರೂ ಅರಿಶಿನ-ಕುಂಕುಮಕ್ಕೆ ಕರೆಯಲಿಲ್ಲ. ಹೆಣ್ಣುಮಕ್ಕಳು ತಮ್ಮ ಮೈಯ ವಿಷಯ ಮಾತಾಡಿಕೊಳ್ಳುವುದೇ ಇಂಥ ಕಡೆ. ಈ ವರ್ಷ ನಮ್ಮ ವೇದಿಕೆಯವರು ಗಂಡನನ್ನು ಕಳೆದುಕೊಂಡವರನ್ನೂ ಕರೆದಿದ್ದಾರೆ, ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನನಗೆ ತುಂಬಾ ಸಂತೋಷವಾಯಿತು.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸ್ತನ ಪರೀಕ್ಷೆಯ ವ್ಯವಸ್ಥೆ ಇದೆ. ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಗೆ ಎಳೆದುಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ನೋವಿಗಾಗಿ ಕಾಯಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಬರಲು ಒಪ್ಪುವವರ ಹೆಸರು ಬರೆಯಲು ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಮೊದಲ ಹೆಸರು ನನ್ನದು. ಯಾವ ವಾರ ಬಿಡುವಿದೆ ಅಂತಲೂ ಪಕ್ಕದಲ್ಲಿ ಬರೆಯಿರಿ.