ವಿವೇಚನಾಶಕ್ತಿಯ ಸಂಸ್ಕಾರ

ಮನುಷ್ಯನು ತನ್ನ ವಿವೇಚನಾಶಕ್ತಿಯನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಲ್ಲನೆ? ಇದೇ ಈ ಉಪನ್ಯಾಸದ ವಿಷಯವು.

ಮೊದಲು ನನ್ನದೊಂದು ತಪ್ಪನ್ನು ನಿವೇದಿಸಿಕೊಳ್ಳುವೆನು. ನಾನು ಪಾಠ ಹೇಳಲಾರಂಭಿಸಿದ ಹೊಸತರಲ್ಲಿ ಒಬ್ಬ ವಿದ್ಯಾರ್ಥಿಯನ್ನು ಮಂದಮತಿಯೆಂದು ನಿಶ್ಚಯಿಸಿಬಿಟ್ಟೆನು. ಅವನು ತಡವರಿಸಿದಾಗಲೆಲ್ಲ ನನ್ನೆಣಿಕೆ ನಿಜವಾಯಿತೆಂದುಕೊಂಡೆನು. ಸರಿಯಾಗಿ ಹೇಳಿದಾಗ ಪಕ್ಕದವನಿಂದ ಕೇಳಿ ಹೇಳಿದನೆಂದು ಬಗೆದೆನು. ಎರಡು ವರುಷಗಳ ತರುವಾಯ ಬೇರೊಬ್ಬ ಪಂಡಿತರು ಪರೀಕ್ಷಕರಾಗಿ ಬಂದು ಉತ್ತರಗಳನ್ನು ಬರೆಯಿಸಿದಾಗ, ತರ್ಕದಲ್ಲಿ ಅವನಿಗೇ ಮೊದಲನೆಯ ಸ್ಥಾನವು ದೊರೆಯಿತು. ಹುಡುಗನ ನಾಲಗೆ ತೊದಲುತ್ತಿದ್ದಿತೇ ಹೊರತು ಬುದ್ಧಿ ತೊದಲುತ್ತಿರಲಿಲ್ಲ. ಹೇತ್ವಾಭಾಸಗಳ ಲಕ್ಷಣವನ್ನು ಅವನಿಗೆ ಬೋಧಿಸುತ್ತಿದ್ದವನು ನಾನೇ. ಆ ದೋಷವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದವನೂ ನಾನೇ!

ಈ ದೋಷವು ನನ್ನೊಬ್ಬನದೇ ಅಲ್ಲವೆಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿರುವರು. ಲಂಡನ್ನಿನ ಪೀಟರ್ ವೇಸನ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿರಿ. 2, 4, 6 ಎಂಬ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಹೊಂದುತ್ತವೆ; ಬೇರೆ ಸಂಖ್ಯೆಗಳನ್ನು ಹೇಳಿ, ಹೊಂದುವುವೇ ಇಲ್ಲವೇ ಎಂದು ಕೇಳುತ್ತ ನಿಯಮವನ್ನು ಕಂಡುಹಿಡಿಯಿರಿ ಎಂದು ಅವರು ವಿದ್ಯಾರ್ಥಿಗಳಿಗೆ ಹೇಳಿದರು. 8, 10, 12 ಎಂದರೆ ಹೊಂದುವುದು. 20, 22, 24 ಎಂದರೂ ಹೊಂದುವುದು. ಆದಕಾರಣ ಎರಡೆರಡಾಗಿ ಹೆಚ್ಚುವುದೇ ನಿಯಮವೆಂದು ಹೇಳಿಬಿಡುವುದು ಸುಲಭ. ನಿಜವಾದ ನಿಯಮವಾದರೋ ಸಂಖ್ಯೆಗಳು ಏರುತ್ತ ಹೋದರೆ ಸಾಕೆಂಬುದಷ್ಟೆ. 1, 2, 9 ಎಂದು ಕೇಳಿದ್ದರೆ ಭ್ರಮೆ ಹರಿಯುತ್ತಿದ್ದಿತು. 29 ಮಂದಿಯಲ್ಲಿ ಆರು ಮಂದಿ ಮಾತ್ರ ಮೊದಲ ಬಾರಿಗೇ ಸರಿಯಾದ ನಿಯಮವನ್ನು ಹೇಳಿದರು.

ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಉಳಿದವರು ಸಹಚಾರವನ್ನು ಮಾತ್ರ ನೋಡಿದರು, ವ್ಯಭಿಚಾರವನ್ನು ಅರಸಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬುದಕ್ಕೆ ಅಡುಗೆಮನೆಗಳನ್ನೇ ಎಣಿಸುತ್ತ ಕುಳಿತರೆ ಸಾಲದು. ಬೆಂಕಿಯಿಲ್ಲದ ಕಡೆಯಲ್ಲಿ ಎಲ್ಲಿಯಾದರೂ ಹೊಗೆಯಿರುವುದೇ ಎಂದೂ ಹುಡುಕತಕ್ಕದ್ದು. ಇದನ್ನು ನಾವು ಬಾಯಿಪಾಠ ಮಾಡಿರುವೆವು. ಆದರೆ ಬಲ್ಲಮಾತ್ರದಿಂದ ದೋಷವು ಹೋಗುವುದೇ?

ಹೋಗದೆಂಬುದಕ್ಕೂ, ಹೋಗಲಾಡಿಸುವ ಉಪಾಯವುಂಟೆಂಬುದಕ್ಕೂ 1984ರಲ್ಲಿ ಅಮೆರಿಕದ ಚಾರ್ಲ್ಸ್ ಲಾರ್ಡ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಯೋಗವು ನಿದರ್ಶನವಾಗಿದೆ. ಮರಣದಂಡನೆಯ ವಿಷಯದಲ್ಲಿ ಪಕ್ಷ ಹಿಡಿದವರಿಗೆ, ಅದರ ಪರವಾಗಿಯೂ ವಿರುದ್ಧವಾಗಿಯೂ ಇರುವ ಸಂಶೋಧನೆಗಳನ್ನು ಓದಲು ಕೊಟ್ಟರು. ಕೆಲವರಿಗೆ, ನ್ಯಾಯಾಧೀಶರಂತೆ ನಿಷ್ಪಕ್ಷಪಾತವಾಗಿ ವಿಚಾರಿಸಿರೆಂದು ಉಪದೇಶಿಸಿದರು, ಅದರಿಂದ ಫಲವಾಗಲಿಲ್ಲ. ಬೇರೆ ಕೆಲವರಿಗೆ, ಇದೇ ಸಂಶೋಧನೆಯು ಎದುರುಪಕ್ಷಕ್ಕೆ ಅನುಕೂಲವಾದ ಫಲವನ್ನು ಕೊಟ್ಟಿದ್ದರೆ ಇದರ ಗುಣದೋಷಗಳನ್ನು ಹೀಗೆಯೇ ಎಣಿಸುತ್ತಿದ್ದಿರಾ ಎಂದು ಕೇಳಿಕೊಳ್ಳಹೇಳಿದರು. ಇವರಲ್ಲಿ ಪಕ್ಷಪಾತವು ಇಳಿಯಿತು. ಸದುಪದೇಶಕ್ಕೆ ಬಗ್ಗದ ಮನಸ್ಸು ಒಂದು ನಿಯತವಾದ ಪ್ರಶ್ನೆಗೆ ಬಗ್ಗಿತು. ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳದೆ ಸಿದ್ಧಾಂತಕ್ಕೆ ಕೈಹಾಕಬಾರದೆಂಬ ನಮ್ಮ ಹಿರಿಯರ ಕಟ್ಟಳೆಯ ಬೆಲೆಯು ಇದರಿಂದ ನನಗೆ ಮತ್ತಷ್ಟು ಮನದಟ್ಟಾಯಿತು.

ಎರಡನೆಯ ಉಪಾಯವು ಲೆಕ್ಕವಿಡುವುದು. ಗ್ಲೆನ್ ಬ್ರಯರ್ ಎಂಬವರು ಹವಾಮಾನದ ಮುನ್ಸೂಚನೆಗಳನ್ನು ಅಳೆಯಲು 1950ರಲ್ಲಿ ಒಂದು ಗಣಿತಕ್ರಮವನ್ನು ಸೂಚಿಸಿದರು. ಅದರ ಸರಳರೂಪದಲ್ಲಿ, ನಾಳೆ ಮಳೆಯಾಗುವ ಸಂಭವವು ಶೇಕಡಾ 90 ಎಂದವನಿಗೆ ಮಳೆ ಬಾರದಿದ್ದರೆ ದೋಷಾಂಕವು 0.81, ಶೇಕಡಾ 60 ಎಂದವನಿಗೆ 0.36. ಅತಿನಿಶ್ಚಯಕ್ಕೆ ದಂಡವು ಹೆಚ್ಚು. ಫಿಲಿಪ್ ಟೆಟ್ಲಾಕ್, ಬಾರ್ಬರಾ ಮೆಲ್ಲರ್ಸ್ ಮೊದಲಾದವರು 2011ರಿಂದ 2015ರ ವರೆಗೆ ಸಾವಿರಾರು ಜನರಿಂದ ಲೋಕವ್ಯವಹಾರಗಳ ಮುನ್ಸೂಚನೆಗಳನ್ನು ಪಡೆದು ಇಂಥ ಕ್ರಮದಿಂದಲೇ ಅಳೆದರು. ಒಂದು ಗಂಟೆಗೆ ಮೀರದ ಶಿಕ್ಷಣದಿಂದಲೂ ನಿಖರತೆಯು ಶೇಕಡಾ ಹತ್ತರಷ್ಟು ಹೆಚ್ಚಿತೆಂದು ಕಂಡುಬಂದಿತು. ಇದು ದೊಡ್ಡ ಲಾಭವಲ್ಲವೆಂದು ಕೆಲವರು ಹೇಳಬಹುದು. ನಿಜ, ಯಾವ ಶಿಕ್ಷಣವೂ ಮನುಷ್ಯನನ್ನು ಸರ್ವಜ್ಞನನ್ನಾಗಿ ಮಾಡದು. ಆದರೆ ಹತ್ತು ತಪ್ಪುಗಳಲ್ಲಿ ಒಂದು ತಪ್ಪಿದರೂ, ಆ ಒಂದು ತಪ್ಪಿಗೆ ಗುರಿಯಾಗಬೇಕಾಗಿದ್ದವನಿಗೆ ಅದು ಅಲ್ಪವೇ?

ಮಹನೀಯರೇ, ನಾವೆಲ್ಲರೂ ಒಂದಲ್ಲ ಒಂದು ಕಡೆಯಲ್ಲಿ ತೀರ್ಪುಗಾರರೇ. ತಂದೆತಾಯಿಗಳು ಮಕ್ಕಳ ವಿಷಯದಲ್ಲಿ, ಹಿರಿಯರು ನೆರೆಹೊರೆಯವರ ವ್ಯಾಜ್ಯದಲ್ಲಿ, ಗುರುಗಳು ಶಿಷ್ಯರ ವಿಷಯದಲ್ಲಿ ನಿತ್ಯವೂ ನಿರ್ಣಯ ಮಾಡುತ್ತಿರುವೆವು. ಆ ವಿದ್ಯಾರ್ಥಿಯ ಪ್ರಸಂಗವಾದ ಮೇಲೆ ನಾನು ವರ್ಷಾರಂಭದಲ್ಲಿ ಪ್ರತಿಯೊಬ್ಬ ಹುಡುಗನ ವಿಷಯದಲ್ಲಿಯೂ ನನ್ನ ಎಣಿಕೆಯನ್ನೂ, ಅದಕ್ಕೆ ವಿರುದ್ಧವಾದ ಒಂದು ಕಾರಣವನ್ನೂ ಬರೆದಿಟ್ಟು, ವರ್ಷಾಂತ್ಯದಲ್ಲಿ ತೆಗೆದು ನೋಡುವೆನು. ಕೆಲವು ಎಣಿಕೆಗಳು ತಪ್ಪದ ವರ್ಷವನ್ನು ನಾನು ಇಂದಿಗೂ ಕಂಡಿಲ್ಲ. ಆ ಹಾಳೆಯು ನನಗೆ ನಾಚಿಕೆಯನ್ನು ತರುವುದು. ಹುಡುಗರನ್ನು ಮಾತ್ರ ಕಾಯುವುದು. ತಾವೂ ತಮ್ಮ ತಮ್ಮ ಮನೆಗಳಲ್ಲಿ ಇಂಥ ಒಂದು ಹಾಳೆಯನ್ನಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸಿ, ಇಷ್ಟಕ್ಕೆ ನನ್ನ ವಿಜ್ಞಾಪನೆಯನ್ನು ಮುಗಿಸುವೆನು.